ಕೊನೆಯ ಸ್ಟ್ಯಾಂಡಿಗೆ ಬಾರದ ಬಿಸಿನೀರು

ನೆನೆಹಾಕಿದ್ದ ಅವರೆಕಾಳನ್ನು ಹಿದುಕುತ್ತಾ ಅಡುಗೆಮನೆಯ ಹಿಂಬಾಗಿಲ ಬಳಿ ಮಣೆ ಹಾಕಿಕೊಂಡು ಕೂತಿದ್ದೆ. ಧನುರ್ಮಾಸದ ಚಳಿ. ಪಾತ್ರೆಯ ನೀರಿಗೆ ಕೈ ಅದ್ದಿದರೆ ಮೊಣಕೈವರೆಗೂ ಜುಮ್ಮೆನ್ನುತ್ತಿತ್ತು. ಬೆರಳ ತುದಿಗಳು ಬಿಳಿಚಿಕೊಂಡು ಸುಕ್ಕಾಗಿದ್ದವು. ಹೆಬ್ಬೆರಳು ತೋರುಬೆರಳ ನಡುವೆ ಕಾಳನ್ನಿಟ್ಟು ಒತ್ತಿದರೆ ಬೇಳೆ ಹಾರಿ ತಟ್ಟೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಕೂತು ಮಾಡುವ ಕೆಲಸ ಅನ್ನುವುದೇ ಅದರ ದೊಡ್ಡ ಗುಣ. ಬೆಳಿಗ್ಗೆ ಎದ್ದಾಗಿನಿಂದ ನಿಂತೇ ಇದ್ದ ಕಾಲಿಗೆ ಮನೆದೇವರು ಮಾದಪ್ಪ ಕೊಟ್ಟ ಬಿಡುವು ಇದು ಎಂದುಕೊಂಡು ಅವಸರವಿಲ್ಲದೆ ಹಿದುಕುತ್ತಿದ್ದೆ.

ಆ ಬೇಳೆ ಅವತ್ತಿನ ಸಾರಿಗಲ್ಲ, ಮಾರನೆಯ ದಿನಕ್ಕೆ. ನಮ್ಮ ಮನೆಯಲ್ಲಿ ರೇಷ್ಮೆ ಹುಳ ಇರುವಷ್ಟು ದಿನ ಒಗ್ಗರಣೆ ಹಾಕುವಂತಿಲ್ಲ. ಮೆಣಸಿನಕಾಯಿಯ ಘಾಟು, ಕರಿದ ಎಣ್ಣೆಯ ವಾಸನೆ, ಊದುಬತ್ತಿಯ ಹೊಗೆ, ಯಾವುದೂ ಹುಳಕ್ಕೆ ಆಗದು. ದೇವರಿಗೂ ಆ ದಿನಗಳಲ್ಲಿ ಬರೀ ಹೂವು, ದೀಪ. ನಾವು ಉಪ್ಪುಸಾರು, ಮಜ್ಜಿಗೆ, ಬೇಯಿಸಿದ ಕಾಳು ತಿಂದುಕೊಂಡಿರುತ್ತೇವೆ. ಒಗ್ಗರಣೆ ಇಲ್ಲದ ಹಿದುಕಿದ ಬೇಳೆ ಸಾರು ಸಾರೇ ಅಲ್ಲ. ಮಾರನೆಯ ದಿನ ಹುಳ ಮನೆ ಬಿಡುವುದಿತ್ತು. ಹುಳ ಒಯ್ಯಲು ಬರುತ್ತಿದ್ದವಳು ನನ್ನ ನಾದಿನಿ, ಪಿರಿಯಾಪಟ್ಟಣದ ಕಡೆಗೆ ಕೊಟ್ಟಿರುವವಳು. ಹುಳವನ್ನು ಗಾಡಿಯಲ್ಲಿ ಮುಂದೆ ಸಾಗಿಸಿ, ಸಾರು ಮಾಡಿ, ಅವಳಿಗೆ ಬಿಸಿ ಮುದ್ದೆ ಹಾಕಿ ಕಳಿಸೋಣ ಎಂದು ನನ್ನ ಲೆಕ್ಕ.

ಆಗ ನಮ್ಮ ಯಜಮಾನರು ಹಿತ್ತಲಿನಿಂದ ಬಂದರು. ಹುಳದ ಮನೆಯ ಬಾಗಿಲಲ್ಲಿ ತುಳಿದು ಬರುವ ಸುಣ್ಣದ ಪುಡಿ ಪಾದದ ತುಂಬ ಹಾಗೇ ಇತ್ತು. ಸಾಮಾನ್ಯವಾಗಿ ಕಾಲು ತೊಳೆಯದೆ ಅಡುಗೆಮನೆ ಕಡೆ ಬರುವವರಲ್ಲ.

“ಅದ ಬುಟ್ಟು ಬಾರೇ ಇಲ್ಲಿ. ಕೊನೇ ಸ್ಟ್ಯಾಂಡು ಎದ್ದೇ ಇಲ್ಲ” ಅಂದರು.

“ಎದ್ದಿಲ್ಲ ಅಂದ್ರೆ?”

“ಎದ್ದಿಲ್ಲ ಅಂದ್ರೆ ಎದ್ದಿಲ್ಲ ಕಣೇ. ಬಾಗ್ಲತ್ರದವು ಆಗ್ಲೇ ಸೊಪ್ಪೆಲ್ಲಿ ಸೊಪ್ಪೆಲ್ಲಿ ಅಂತ ತಲೆ ಆಡಿಸ್ತಾವೆ. ಅತ್ಲಾಗಿನವು ಇನ್ನೂ ಜ್ವರದಲ್ಲೇ ಅವೆ.”

ಹುಳ ಸಾಕದವರಿಗೆ ಇದು ಎಂಥ ಸುದ್ದಿ ಎಂದು ತಿಳಿಯಲಿಕ್ಕಿಲ್ಲ. ನಮ್ಮದು ಚಾಕಿ ಮನೆ. ಮೊಟ್ಟೆ ತಂದು, ಮರಿ ಮಾಡಿಸಿ, ಹುಳ ಎಳೆಯದಾಗಿರುವಾಗಿನ ಕಷ್ಟದ ದಿನಗಳನ್ನು ದಾಟಿಸಿ ಬೇರೆ ರೈತರಿಗೆ ಕೊಡುವುದು ನಮ್ಮ ಕೆಲಸ. ಹುಳ ಹಳೆಯ ಚರ್ಮ ಕಳಚುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಇದ್ದುಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಎರಡನೆಯ ಜ್ವರ ದಾಟಿದ ಮೇಲೆ ನಮ್ಮ ಮನೆಯಿಂದ ಹೊರಡುತ್ತವೆ. ಮನೆಯ ಹುಳವೆಲ್ಲ ಒಟ್ಟಿಗೇ ಜ್ವರಕ್ಕೆ ಕೂರಬೇಕು, ಒಟ್ಟಿಗೇ ಏಳಬೇಕು. ಕೆಲವು ಎದ್ದು ಕೆಲವು ಮಲಗಿದ್ದರೆ, ಎದ್ದವಕ್ಕೆ ಸೊಪ್ಪು ಹಾಕಿದರೆ ಮಲಗಿದವು ಅದರಡಿ ಸಿಕ್ಕಿ ಕೊಳೆಯುತ್ತವೆ. ಹಾಕದಿದ್ದರೆ ಎದ್ದವು ಸೊರಗುತ್ತವೆ. ಹಾಗೇ ಬೆಳೆದರೆ ಕೊನೆಗೆ ಒಂದಿಷ್ಟು ಗೂಡು ಕಟ್ಟಲು ಹೊರಟಿರುತ್ತವೆ, ಒಂದಿಷ್ಟು ಇನ್ನೂ ಸೊಪ್ಪು ಬೇಡುತ್ತಿರುತ್ತವೆ. ಬೆಳೆ ಕೈಗೆ ಹತ್ತುವುದಿಲ್ಲ.

ಬೇರೆ ಯಾರದೋ ಆಗಿದ್ದರೂ ಸಂಕಟವೇ. ಆದರೆ ಇದು ನಾದಿನಿಯ ಮೊದಲ ಬೆಳೆ. ಅವಳ ಮನೆಯಲ್ಲಿ ಹಿಂದಿನಿಂದಲೂ ಹೊಗೆಸೊಪ್ಪು. ಸೊಪ್ಪು ಹದಮಾಡುವ ಬ್ಯಾರನ್ ಅವರ ಮನೆಗೆ ಅಂಟಿಕೊಂಡೇ ಇದೆ. ಸೀಸನ್ನಿನಲ್ಲಿ ಸೊಪ್ಪು ಕಟ್ಟುವುದು, ಒಳಗೆ ಏರಿಸುವುದು, ಇಳಿಸುವುದು, ಹಗಲೆಲ್ಲ ಆ ಬಿಸಿ, ಆ ವಾಸನೆ. ಮದುವೆಯಾದ ಕೆಲವೇ ವರ್ಷಕ್ಕೆ ಅವಳಿಗೆ ಕೆಮ್ಮು ಹಿಡಿಯಿತು. ಮೆಟ್ಟಿಲು ಹತ್ತಿದರೆ ಎದೆ ಸಿಳ್ಳೆ ಹಾಕುತ್ತದೆ. ಸೊಪ್ಪಿನಿಂದ ದೂರ ಇರಬೇಕು ಎಂದು ಡಾಕ್ಟರು ಹೇಳಿದರು. ಮನೆಯವರ ಜೊತೆ ಎರಡು ವರ್ಷ ಗುದ್ದಾಡಿ, ಗಂಡನನ್ನು ಒಪ್ಪಿಸಿ, ಬೋರ್‌ವೆಲ್ ಪಕ್ಕದ ಹೊಲಕ್ಕೆ ಹಿಪ್ಪುನೇರಳೆ ಇಡಿಸಿದ್ದಳು. ಅವಳ ಮೈದುನಂದಿರು ಹೇಳಿದ್ದು ಒಂದೇ ಮಾತು: ಮೊದಲ ಬೆಳೆ ನೋಡ್ತೀವಿ, ಕೆಟ್ಟರೆ ನೇರಳೆ ಕಡ್ಡಿ ಕಿತ್ತು ಮತ್ತೆ ಹೊಗೆಸೊಪ್ಪೇ ಹಾಕೋದು. ಅವಳ ಎದೆಯ ಸಿಳ್ಳೆ ತಗ್ಗುವುದು ನಮ್ಮ ಮನೆಯ ಆ ಹುಳದ ಟ್ರೇಗಳ ಮೇಲೆ ನಿಂತಿತ್ತು.

ಕೈ ಒರೆಸಿಕೊಂಡು ಎದ್ದೆ. ಬೇಳೆಯ ತಟ್ಟೆಯನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟೆ. ಕರೆಂಟು ಇತ್ತು, ಅದೊಂದು ಪುಣ್ಯ.

ಹುಳದ ಮನೆ ಅಡುಗೆಮನೆಗೆ ಹತ್ತು ಹೆಜ್ಜೆ. ಒಳಗೆ ನಾಲ್ಕು ಸಾಲು ಕಬ್ಬಿಣದ ಸ್ಟ್ಯಾಂಡು, ಒಂದೊಂದರಲ್ಲಿ ಮೇಲಿಂದ ಕೆಳಕ್ಕೆ ಪ್ಲಾಸ್ಟಿಕ್ ಟ್ರೇಗಳು. ಬಾಗಿಲ ಬಳಿಯ ಸ್ಟ್ಯಾಂಡಿನ ಹತ್ತಿರ ನಿಂತರೆ ಬೆವರು ಬರುವಷ್ಟು ಸೆಕೆ. ಹುಳಗಳು ಚುರುಕಾಗಿ ಆಡುತ್ತಿದ್ದವು. ಒಂದೊಂದೇ ಸಾಲು ದಾಟಿ ಕೊನೆಗೆ ಹೋದರೆ ಸೆರಗು ಹೊದೆಯಬೇಕು ಅನ್ನಿಸಿತು. ಅಲ್ಲಿಯ ಹುಳಗಳು ಪುಟ್ಟ ತಲೆ ಮೇಲೆತ್ತಿ ಪ್ರಾರ್ಥನೆಗೆ ಕೂತವರ ಹಾಗೆ ಇದ್ದವು. ಒಂದೂ ಅಲ್ಲಾಡಲಿಲ್ಲ. ಕೊನೆಯ ಗೋಡೆಯ ಉದ್ದಕ್ಕೂ ಹೋಗಿರುವ ಬಿಸಿನೀರಿನ ಪೈಪಿನ ಮೇಲೆ ಕೈ ಇಟ್ಟೆ. ಆಗ ತಾನೇ ಕರೆದ ಹಾಲಿನ ಪಾತ್ರೆಯಷ್ಟು ಬೆಚ್ಚಗಿತ್ತು, ಅಷ್ಟೇ.

ಈ ಪೈಪು, ಬಾಯ್ಲರು ನಮಗೆ ಹೊಸದು. ಹಿಂದಿನ ಚಳಿಗಾಲದವರೆಗೂ ನಮ್ಮ ಅತ್ತೆಯ ಕಾಲದ ಪದ್ಧತಿಯಂತೆ ಬಾಣಲಿಯಲ್ಲಿ ಕೆಂಡ ತುಂಬಿ ಒಳಗಿಡುತ್ತಿದ್ದೆವು. ಕೆಂಡ ಹೊರುವುದು, ಬೂದಿ ಬಳಿಯುವುದು, ಮತ್ತೆ ಕೆಂಡ. ನನ್ನ ಸೊಂಟ ಅದರಲ್ಲೇ ಹೋಯಿತು. ಈ ವರ್ಷ ಹುಣಸೂರಿನ ವೆಲ್ಡಿಂಗ್ ಅಂಗಡಿಯವರೊಬ್ಬರಿಂದ ಸೌದೆಯ ಬಾಯ್ಲರು ಮಾಡಿಸಿದೆವು. ಬ್ಯಾರನ್‌ಗಳಿಗೆ ಒಲೆ, ಕೊಳವೆ ಮಾಡಿ ಪಳಗಿದ ಮನುಷ್ಯ. ಬಾಯ್ಲರು ಹೊರಗಿನ ಮಾಡಿನಲ್ಲಿ. ಅದರ ಬಿಸಿನೀರನ್ನು ಒಂದು ಸಣ್ಣ ಪಂಪು ಪೈಪಿಗೆ ನೂಕುತ್ತದೆ. ನೀರು ಬಾಗಿಲ ಪಕ್ಕದಿಂದ ಒಳಗೆ ಹೋಗಿ, ಗೋಡೆಗಳ ಸುತ್ತ ಹರಿದು, ಶಾಖ ಬಿಟ್ಟು, ಹೊರಗಿನ ಡ್ರಮ್ಮಿಗೆ ಬಂದು ಬೀಳುತ್ತದೆ. ಅಲ್ಲಿಂದ ಮತ್ತೆ ಬಾಯ್ಲರಿಗೆ. ಕೆಂಡ ಹೊರುವ ಕೆಲಸ ನೀರು ಮಾಡುತ್ತದೆ ಎಂದು ನಾನು ಮೊದಲ ದಿನವೇ ಪೈಪಿಗೆ ಕುಂಕುಮ ಇಟ್ಟೆ.

ಪೈಪು ಕೂರಿಸಿದ ದಿನ ಅವರು ನಮ್ಮ ಜಗಲಿಯಲ್ಲಿ ಊಟಕ್ಕೆ ಕೂತು ಯಜಮಾನರಿಗೆ ಲೆಕ್ಕ ಹೇಳುತ್ತಿದ್ದರು. ನಾನು ಬಡಿಸುತ್ತಾ ಕೇಳಿಸಿಕೊಂಡಿದ್ದೆ.

“ಅಣ್ಣೋ, ಒಂದು ಲೀಟ್ರು ನೀರು ಒಂದು ಡಿಗ್ರಿ ತಣ್ಣಗಾದ್ರೆ ಒಂದು ಪಾಲು ಶಾಖ ಇಳಿಸ್ತು ಅಂತ ಇಟ್ಕಳಿ. ನಿಮ್ಮ ಗೋಡೆ, ಶೀಟು, ಈ ಚಳಿ ಎಲ್ಲ ಅಳೆದು ನೋಡಿವ್ನಿ. ಗಂಟೆಗೆ ನಾಲ್ಕು ಸಾವಿರ ಪಾಲು ಬೇಕಾಯ್ತದೆ. ಒಳೀಕೆ ಓಗೋ ನೀರಿಗೂ ಆಚೀಕೆ ಬರೋ ನೀರಿಗೂ ಅತ್ತು ಡಿಗ್ರಿಗಿಂತ ಎಚ್ಚು ಯತ್ವಾಸ ಇರ್ಕೂಡ್ದು. ಅಂಗಂದ್ರೆ ಒಂದೊಂದು ಲೀಟ್ರೂ ಅತ್ತು ಪಾಲು ಇಳಿಸ್ತದೆ. ಗಂಟೆಗೆ ನಾನೂರು ಲೀಟ್ರು ಅರೀಬೇಕು.”

“ಎಚ್ಚು ಯತ್ವಾಸ ಆದ್ರೆ ಏನಾಯ್ತದೆ?” ಯಜಮಾನರು ಕೇಳಿದ್ದರು.

“ಮೊದ್ಲು ಸಿಕ್ಕಿದ ಗೋಡೆಗೇ ಎಲ್ಲಾ ಸುರ್ದು ಕೊನೆಗೆ ಬರೋ ಒತ್ಗೆ ನೀರು ತಣ್ಣಗಾಗಿರ್ತದೆ.”

ನನಗೆ ಪಂಕ್ತಿಯ ನೆನಪಾಗಿತ್ತು. ಸಣ್ಣ ಪಾತ್ರೆ ಹಿಡಿದು ಪಾಯಸ ಬಡಿಸಲು ಹೋದರೆ ಮೊದಲ ನಾಲ್ಕು ಎಲೆಗೆ ಸೌಟು ತುಂಬ ಬೀಳುತ್ತದೆ, ತುದಿಯ ಎಲೆಗೆ ತಳ ಕೆರೆಯಬೇಕಾಗುತ್ತದೆ. ದೊಡ್ಡ ಪಾತ್ರೆ ಹಿಡಿದು ಸ್ವಲ್ಪ ಸ್ವಲ್ಪ ಬಡಿಸುತ್ತಾ ಓಡಾಡಬೇಕು, ಮಿಕ್ಕಿದ್ದು ಒಳಗೆ ತರಬೇಕು. ನೀರಿನದೂ ಅದೇ ಕಥೆ ಎಂದುಕೊಂಡು ಇನ್ನೊಂದು ಮುದ್ದೆ ಹಾಕಿದ್ದೆ. ಅವತ್ತು ಅದು ನನ್ನ ತಲೆಯಲ್ಲಿ ಉಳಿದದ್ದು ಅದೃಷ್ಟ.

ಯಜಮಾನರು ಮೊದಲು ಮಾಡಿದ ಕೆಲಸ ಬಾಯ್ಲರಿಗೆ ಸೌದೆ ತುಂಬಿದ್ದು. ಯಾರಾದರೂ ಅದನ್ನೇ ಮಾಡುತ್ತಿದ್ದರು. ಫೋನಿನಲ್ಲಿ ಸಿಕ್ಕ ಹುಣಸೂರಿನವರೂ ಮೊದಲು ಅದನ್ನೇ ಹೇಳಿದರು. ಉರಿ ಎದ್ದಿತು. ಸ್ವಲ್ಪ ಹೊತ್ತಿಗೆ ಬಾಗಿಲ ಬಳಿಯ ಸ್ಟ್ಯಾಂಡಿನಲ್ಲಿ ಇನ್ನೂ ಸೆಕೆಯಾಯಿತು. ಕೊನೆಯ ಗೋಡೆ ಇದ್ದ ಹಾಗೇ ಇತ್ತು.

“ಸೌದೆ ಮ್ಯಾಲೆ ಸೌದೆ ತುರುಕ್ಬ್ಯಾಡಿ ರೀ” ಅಂದೆ. “ಇತ್ಲಾಗಿನವು ಬೆಂದೋಯ್ತವೆ. ನೀರು ಎಷ್ಟು ಬತ್ತಾ ಅದೆ ಅಂತ ನೋಡನ, ಬನ್ನಿ.”

“ನೀರು ಬತ್ತಾನೇ ಅದಲ್ಲೇ, ಕಾಣಕ್ಕಿಲ್ವಾ?”

“ಬರದು ಕಾಣ್ತದೆ. ಎಷ್ಟು ಅಂತ ಕಾಣ್ತದಾ?”

ಅವರು ಬಚ್ಚಲಿನಿಂದ ಹತ್ತು ಲೀಟರಿನ ಬಕೆಟ್ ತಂದರು. ಡ್ರಮ್ಮಿಗೆ ಬೀಳುವ ಕೊಳವೆಯ ಬಾಯಿಗೆ ನಾನು ಬಕೆಟ್ ಹಿಡಿದೆ. ಅವರು ಫೋನಿನಲ್ಲಿ ಗಡಿಯಾರ ಒತ್ತಿದರು. ಗಂಟೆಗೆ ನಾನೂರು ಲೀಟರ್ ಅಂದರೆ ನಿಮಿಷಕ್ಕೆ ಏಳು ಲೀಟರಿಗೆ ಸ್ವಲ್ಪ ಕಡಿಮೆ. ಆ ಬಕೆಟ್ ಒಂದೂವರೆ ನಿಮಿಷಕ್ಕೆ ತುಂಬಬೇಕು. ಒಂದೂವರೆ ನಿಮಿಷವಾದಾಗ ಅರ್ಧವೂ ಇರಲಿಲ್ಲ. ತೋಳು ಸೋತು ಬಕೆಟ್ಟನ್ನು ಮೊಣಕಾಲ ಮೇಲೆ ಇಟ್ಟುಕೊಂಡೆ. ಮಾದಪ್ಪನ ಹೆಸರು ಹೇಳುತ್ತಾ ನಿಂತಿದ್ದೆ. ಬೇಗ ತುಂಬಲಿ ಎಂದು ಬೇಡುತ್ತಿದ್ದೆನೋ, ತಡವಾದರೆ ಕಾರಣವಾದರೂ ಸಿಗುತ್ತದೆ ಎಂದು ಬೇಡುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ. ತುಂಬುವಷ್ಟರಲ್ಲಿ ನಾಲ್ಕು ನಿಮಿಷ.

ಬಾಯ್ಲರಿನ ಮುಳ್ಳು ಅರವತ್ತೈದು ತೋರಿಸುತ್ತಿತ್ತು. ಹುಳದ ಮನೆಯ ಗಾಜಿನ ಥರ್ಮಾಮೀಟರ್ ತಂದು ಬಕೆಟ್ಟಿಗೆ ಅದ್ದಿದೆ. ನಲವತ್ತನಾಲ್ಕು. ನೆಲದ ಮೇಲೆ ಚೆಲ್ಲಿದ್ದ ಸುಣ್ಣದ ಪುಡಿಯಲ್ಲಿ ಬೆರಳಿನಿಂದ ಬರೆದೆ. ನಿಮಿಷಕ್ಕೆ ಎರಡೂವರೆ ಲೀಟರ್, ಗಂಟೆಗೆ ನೂರೈವತ್ತು. ಇಪ್ಪತ್ತೊಂದು ಡಿಗ್ರಿ ಇಳಿದಿದೆ. ಗುಣಿಸಿದರೆ ಮೂರು ಸಾವಿರದ ನೂರೈವತ್ತು. ಬೇಕಾದದ್ದು ನಾಲ್ಕು ಸಾವಿರ. ಹೆಚ್ಚುಕಡಿಮೆ ಕಾಲು ಭಾಗ ಕೊರತೆ, ಬಂದ ಮುಕ್ಕಾಲೂ ಬಾಗಿಲ ಕಡೆಯೇ ಸುರಿದುಹೋಗಿದೆ. ಹತ್ತನೇ ಕ್ಲಾಸಿಗೆ ಓದು ನಿಲ್ಲಿಸಿದವಳು ನಾನು. ಲೆಕ್ಕ ಸರಿಬಂದಾಗ ಆಗುವ ಸಣ್ಣ ಸಂತೋಷ ಆಗಲೂ ಆಯಿತು, ಸಂಕಟದ ನಡುವೆಯೇ.

“ಬೆಂಕಿ ಸಾಕಷ್ಟು ಅದೆ” ಅಂದೆ. “ನೀರು ಸಾಲ್ದು. ಎಲ್ಲೋ ಕಟ್ಟಿಕೊಂಡದೆ.”

ಹುಣಸೂರಿಗೆ ಮತ್ತೆ ಫೋನು. ಈ ಸಲ ನಾನೇ ಮಾತಾಡಿದೆ.

“ನಾಲ್ಕು ಮಿನಿಟ್ಟಾ? ಅಕ್ಕಾ, ಸರಿಯಾಗಿ ನೋಡಿದ್ರಾ?”

“ತೋಳು ಬಿದ್ದೋಗಂಗೆ ಇಡ್ಕಂಡು ನಿಂತಿದ್ದೆ ಕಣಣ್ಣ.”

“ಅಂಗಾರೆ ಪಂಪಿನ ಮುಂದ್ಲ ಜಾಲರಿ ಬಿಚ್ಚಿ ತೊಳೀರಿ. ಮೂಲೇಲಿ ಗಾಳಿ ಕಟ್ಟಿದ್ರೆ ನಲ್ಲಿ ಬಿಚ್ಚಿ ಬುಡಿ. ಆಗ್ನಿಲ್ಲ ಅಂದ್ರೆ ನಾನೇ ಬತ್ತೀನಿ, ಆದ್ರೆ ಇವತ್ತಾಗಕಿಲ್ಲ.”

ಯಜಮಾನರು ಜಾಲರಿ ಬಿಚ್ಚಿದರು. ಒಂದು ಚಿಟಿಕೆ ಮಣ್ಣೂ ಇರಲಿಲ್ಲ. ಮೂಲೆಯ ನಲ್ಲಿ ತಿರುಗಿಸಿದರೆ ಗಾಳಿ ಬರಲಿಲ್ಲ, ನೀರೇ ಚಿಮ್ಮಿತು. ಅವರು ತಲೆಗೆ ಟವೆಲ್ ಬಿಗಿದುಕೊಂಡು ಪಂಪಿನ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ತಂಗಿಗೆ ಹೇಗೆ ಹೇಳುವುದು ಅನ್ನುವುದೊಂದೇ ಅವರ ಮುಖದಲ್ಲಿತ್ತು. ನಾನು ಪೈಪಿನ ಮೇಲೆ ಕೈ ಆಡಿಸುತ್ತಾ ಬಾಗಿಲವರೆಗೂ ಬಂದೆ. ಬಾಗಿಲಿನ ಹಿಂದೆ, ಪೈಪು ಒಳಗೆ ಬರುವ ಕಡೆ, ನೀರು ಹೆಚ್ಚು ಕಡಿಮೆ ಮಾಡುವ ಒಂದು ಕಬ್ಬಿಣದ ಚಕ್ರವಿದೆ. ಪೂರ್ತಿ ಬಿಚ್ಚಿಯೇ ಇರಬೇಕು, ಯಾರೂ ಮುಟ್ಟಬಾರದು ಎಂದು ಕೂರಿಸಿದ ದಿನ ಹೇಳಿದ್ದರು. ಹಾಗಾಗಿ ನಾವು ಅದನ್ನು ಮರೆತೇಬಿಟ್ಟಿದ್ದೆವು. ಬಗ್ಗಿ ನೋಡಿದೆ. ಚಕ್ರದ ಅಂಚಿನಲ್ಲಿ ಬೆಳ್ಳಗೆ ಬೆರಳ ಗುರುತು. ಸುಣ್ಣವಲ್ಲ. ವಿಭೂತಿ.

ನಮ್ಮ ಮನೆಯಲ್ಲಿ ಮೂರು ಹೊತ್ತೂ ವಿಭೂತಿ ಮುಟ್ಟುವ ಕೈ ಒಂದೇ.

ಅತ್ತೆ ಹಿತ್ತಲಿನ ಎಳೆಬಿಸಿಲಿಗೆ ಕೂತು ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದರು. ಮೊದಲ ಜ್ವರದ ಹೊತ್ತಿಗೆ ಅವರು ಕೆ.ಆರ್. ನಗರದಲ್ಲಿ ತಮ್ಮ ಅಕ್ಕನ ಮನೆಯಲ್ಲಿದ್ದರು. ಎರಡನೆಯ ಜ್ವರ ಶುರುವಾಗುವ ದಿನ ಬಂದಿದ್ದರು.

“ಅತ್ತೆ, ಬಾಗ್ಲಿಂದ್ಲ ಚಕ್ರ ನೀವೇನಾರ ತಿರುಗ್ಸಿದ್ರಾ?”

“ಊಂ ಕಣವ್ವ, ನಾನೇಯ” ಅಂದರು, ಮೊರದಿಂದ ಕಣ್ಣೆತ್ತದೆ. ದನಿಯಲ್ಲಿ ಮುಚ್ಚುಮರೆ ಇರಲಿಲ್ಲ. “ಉಳ ಜ್ವರಕ್ಕೆ ಕೂತವೆ, ಅದು ನೋಡುದ್ರೆ ಬಾಗ್ಲಲ್ಲಿ ಗುಂಯ್ ಅಂತ ಒಂದೇ ಸಮ ಅಳ್ತಾ ಕೂತದೆ. ನಿಮ್ಗೆ ಕೇಳ್ಸಕಿಲ್ವೇನವ್ವ? ಮಗ್ಳ ಮನೆಗೋಗೋ ಉಳ, ಒಸಿ ನೆಮ್ಮದಿಯಾಗಿ ಮಲಗ್ಲಿ ಅಂತ ತಿರುಗ್ಸಿ ತಿರುಗ್ಸಿ ಸದ್ದು ನಿಲ್ಸಿದೆ.”

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸಿಟ್ಟಿಗೂ ಮೈಯಲ್ಲಿ ಶಕ್ತಿ ಬೇಕು. ಅದಲ್ಲದೆ ಅವರು ಮಾಡಿದ್ದು ನಮ್ಮ ಕಡೆ ಹುಳದ ಮನೆಯವರೆಲ್ಲ ಮಾಡುವುದೇ. ಹುಳ ಜ್ವರಕ್ಕೆ ಕೂತರೆ ಮನೆಯಲ್ಲಿ ಒರಳು ಕುಟ್ಟುವುದಿಲ್ಲ, ಮಿಕ್ಸಿ ಆಡಿಸುವುದಿಲ್ಲ, ಜೋರಾಗಿ ಜಗಳವಾಡುವುದೂ ಇಲ್ಲ. ಟಿ.ವಿ. ಸದ್ದು ತಗ್ಗುತ್ತದೆ. ನಾನೂ ಬಳೆಗಳನ್ನು ಮೊಣಕೈ ಕಡೆಗೆ ಏರಿಸಿಕೊಂಡೇ ಒಳಗೆ ಹೋಗುತ್ತೇನೆ. ಹಸುಗೂಸು ಮಲಗಿದ ಮನೆ ಇದ್ದ ಹಾಗೆ ಇಟ್ಟುಕೊಳ್ಳುತ್ತೇವೆ. ಅತ್ತೆಯ ಕಾಲದ ಕೆಂಡಕ್ಕೆ ಸದ್ದಿರಲಿಲ್ಲ. ಹೊಸ ಬಿಸಿಗೆ ಸದ್ದಿತ್ತು. ಅವರು ಅದನ್ನು ನಿಲ್ಲಿಸಿದ್ದರು.

ಆದರೆ ಹೇಳದೆ ಇರುವ ಸ್ವಭಾವ ನನ್ನದಲ್ಲ.

“ಅದು ನೀರು ಅರಿಯೋ ಸದ್ದು ಅತ್ತೆ. ಚಕ್ರ ಮುಚ್ಚುದ್ರೆ ನೀರು ಕಮ್ಮಿಯಾಯ್ತದೆ. ಕೊನೇ ಸ್ಟ್ಯಾಂಡ್‌ಗೆ ಶಾಖ ಓಗ್ದೆ ಅಲ್ಲಿ ಉಳ ಇನ್ನೂ ಎದ್ದಿಲ್ಲ.”

ಮೊರ ನಿಂತಿತು.

“ನಾಳೀಕೆ ಅವ್ಳು ಬತ್ತಾಳೆ” ಅಂದರು.

“ಊಂ.”

“ಮಡಿ ಮೈಲಿಗೆ ಅಂತ ಏನೂ ತಪ್ಪು ಮಾಡ್ನಿಲ್ಲ ಕಣವ್ವ ನಾನು. ತಿಂಡಿನೂ ತಿನ್ದೆ ಒಳೀಕೆ ಓಗಿದ್ದೆ.”

“ಗೊತ್ತು ಅತ್ತೆ.”

ಯಜಮಾನರು ಅಷ್ಟರಲ್ಲಿ ನಮ್ಮ ಮಾತು ಕೇಳಿ ಬಂದು ಚಕ್ರ ಪೂರ್ತಿ ಬಿಚ್ಚಿದರು. ಪೈಪು ಮತ್ತೆ ಗುಂಯ್ ಅನ್ನತೊಡಗಿತು. ಮತ್ತೊಮ್ಮೆ ಬಕೆಟ್ ಹಿಡಿದರೆ ಒಂದೂವರೆ ನಿಮಿಷದ ಆಸುಪಾಸಿಗೆ ತುಂಬಿತು. ನನ್ನ ಥರ್ಮಾಮೀಟರು ಐವತ್ತಕ್ಕಿಂತ ಮೇಲೆ ತೋರಿಸುವುದಿಲ್ಲ, ಹಾಗಾಗಿ ನೀರಿಗೆ ಬೆರಳಿಟ್ಟು ನೋಡಿದೆ. ಇಡಲಾಗಲಿಲ್ಲ. ಅಷ್ಟು ಬಿಸಿ ಮಿಕ್ಕಿಸಿಕೊಂಡು ಬಂದಿತ್ತು ಅಂದರೆ ಕೊನೆಯ ಗೋಡೆಗೂ ಬಡಿಸಿಯೇ ಬಂದಿತ್ತು.

ಇಷ್ಟಾದರೂ ಗೋಡೆ ಬಿಸಿಯಾಗಿ, ಮನೆ ಬಿಸಿಯಾಗಿ, ಆ ಸಾಲು ಹಿಂದೆ ಬಿದ್ದ ಹೊತ್ತನ್ನು ತುಂಬಿಕೊಳ್ಳಬೇಕಲ್ಲ. ಆಗಲೇ ಎದ್ದವು ಹಸಿದಿದ್ದವು. ಮಲಗಿದ ಟ್ರೇಗಳನ್ನು ಬಾಗಿಲ ಕಡೆಯ ಸೆಕೆಗೂ, ಎದ್ದ ಟ್ರೇಗಳನ್ನು ಕೊನೆಯ ತಂಪಿಗೂ ಅದಲು ಬದಲು ಮಾಡಿದರೆ ಹಿಂದಿನವು ಬೇಗ ಏಳುತ್ತವೆ, ಮುಂದಿನವು ಸ್ವಲ್ಪ ತಡೆದುಕೊಳ್ಳುತ್ತವೆ. ನಾನು ಹಾಗಂದೆ. ಯಜಮಾನರು ತಾಯಿಯ ಕಡೆ ನೋಡಿದರು. ಜ್ವರದ ಟ್ರೇ ಎತ್ತುವುದು ನಮ್ಮಲ್ಲಿ ಇಲ್ಲವೇ ಇಲ್ಲ. ಜ್ವರ ಬಂದ ಮಗುವನ್ನು ತೊಟ್ಟಿಲಿಂದ ಎತ್ತಿ ಹೊರಗಿಟ್ಟ ಹಾಗೆ ಅದು. ಅತ್ತೆ ಈ ಮನೆಗೆ ಬಂದ ಮೇಲೆ ಒಮ್ಮೆಯೂ ಹಾಗೆ ಮಾಡಿದ್ದಿಲ್ಲ, ಮಾಡಗೊಟ್ಟಿದ್ದೂ ಇಲ್ಲ.

ಅವರು ಎದ್ದು ಕಾಲು ತೊಳೆದುಕೊಂಡರು. ಬಾಗಿಲ ಸುಣ್ಣ ತುಳಿದು ಒಳಗೆ ಹೋದರು. ಕೊನೆಯ ಸ್ಟ್ಯಾಂಡಿನ ಮುಂದೆ ನಿಂತು ಕೈ ಮುಗಿದರು. ಆಮೇಲೆ ಮೊದಲ ಟ್ರೇಯನ್ನು ಅವರೇ ಎತ್ತಿದರು.

“ನೋಡ್ತಾ ಏನ್ಲಾ ನಿಂತಿದ್ದೀಯೆ, ಕೈ ಕೊಡು” ಅಂದರು ಮಗನಿಗೆ. “ಅಲ್ಲಾಡಿಸ್ಬ್ಯಾಡ. ನೀರು ತುಂಬಿದ ತಟ್ಟೆ ಇಡ್ಕಂಡಂಗೆ ಇಡ್ಕೊ.”

ಮೂವರೂ ಸೇರಿ ಟ್ರೇಗಳನ್ನು ಅದಲು ಬದಲು ಮಾಡಿದೆವು. ಪೈಪಿನದೊಂದೇ ಸದ್ದು. ಮಧ್ಯೆ ಮಧ್ಯೆ ಅತ್ತೆ ಪೈಪಿನ ಕಡೆ ನೋಡುತ್ತಿದ್ದರು, ಮನೆಗೆ ಬಂದ ಬಾಯಿಬಡುಕ ನೆಂಟನನ್ನು ನೋಡುವ ಹಾಗೆ. ಕೆಲಸ ಮುಗಿದಾಗ ನನ್ನ ಸೊಂಟ ಬಗ್ಗಿದ್ದು ನೆಟ್ಟಗಾಗಲಿಲ್ಲ. ಗೋಡೆ ಹಿಡಿದು ಹೊರಗೆ ಬಂದೆ. ಕಾಫಿಗೆ ಹಾಲಿತ್ತು. ಅದೂ ಒಂದು ಪುಣ್ಯವೇ.

ಮಧ್ಯಾಹ್ನ ನಾದಿನಿಯೇ ಫೋನು ಮಾಡಿದಳು. ಮಾತಿಗಿಂತ ಮೊದಲು ಕೆಮ್ಮು ಕೇಳಿಸಿತು.

“ಅತ್ಗೆ, ನಾಳೆ ಬೆಳಗಿನ ಜಾವಕ್ಕೆ ಗೂಡ್ಸ್ ಆಟೋ ಯೋಳ್ಲಾ? ಮನೆ ತೊಳ್ದು ಸುಣ್ಣ ಬಳ್ದು ಆಯ್ತು. ನಮ್ಮ ಮೈದ್ನ ಬಂದು ನೋಡ್ಬುಟ್ಟು, ಮದ್ವೆ ಮನೆ ಆದಂಗದೆ, ಎಣ್ಣು ಯಾವಾಗ ಬರದು ಅಂತ ಆಡ್ಕಂಡೋದ.”

ಯಜಮಾನರು ನನಗೆ ಕೈ ಅಲ್ಲಾಡಿಸಿದರು, ಹೇಳಬೇಡ ಎಂದು. ಅವಳು ಹೆದರಿಯಾಳು ಎಂಬುದು ಅವರ ಚಿಂತೆ. ಎದ್ದೇಳುತ್ತವೆ, ಸುಮ್ಮನೆ ಕಳಿಸಿಬಿಟ್ಟರೆ ಆಯಿತು ಎಂಬುದೂ ಇತ್ತು.

“ಯೋಳು” ಅಂದೆ ಫೋನಿಗೆ. “ಬಂದ್ಮೇಲೆ ಒಂದು ಮಾತದೆ. ನೀನೇ ನೋಡಿ ತಕಂಡೋಗು.”

ಫೋನಿಟ್ಟ ಮೇಲೆ ಯಜಮಾನರು ಗೊಣಗಿದರು. ಆಮೇಲೆ ಅವರೇ ಹೋಗಿ ಬಾಯ್ಲರಿನ ಮುಂದೆ ಕೂತರು. ಸಾಯಂಕಾಲದವರೆಗೂ ಮುಳ್ಳು ಅರವತ್ತೈದರಿಂದ ಆಚೀಚೆ ಹೋಗದ ಹಾಗೆ ಒಂದೊಂದೇ ಕೊಳ್ಳಿ ಹಾಕುತ್ತಿದ್ದರು. ನಾನು ಎರಡು ಸಲ ಹೋಗಿ ಬಕೆಟ್ ಹಿಡಿದು ನೋಡಿ ಬಂದೆ. ಯಾರೂ ಚಕ್ರ ಮುಟ್ಟುವುದಿಲ್ಲ ಎಂದು ಗೊತ್ತಿದ್ದರೂ.

ದೀಪ ಹಚ್ಚುವ ಹೊತ್ತಿಗೆ ಅತ್ತೆ ಒಳಗಿನಿಂದ ಕರೆದರು. ಬಾಗಿಲ ಬಳಿಗೆ ತಂದಿಟ್ಟ ಟ್ರೇಗಳಲ್ಲಿ ಒಂದೆರಡು ಹುಳ ಹಳೆಯ ಚರ್ಮದಿಂದ ಮುಂದಕ್ಕೆ ಜರುಗಿದ್ದವು. ನೋಡುತ್ತಾ ನಿಂತಂತೆ ಇನ್ನೊಂದು, ಮತ್ತೊಂದು. ಅತ್ತೆಯ ಕಣ್ಣಿಗೆ ಈಗ ಸೂಜಿ ಪೋಣಿಸಲಾಗುವುದಿಲ್ಲ, ಆದರೆ ಹುಳ ಏಳುವುದು ಮೊದಲು ಕಾಣಿಸುವುದು ಅವರಿಗೇ. ನಾನು ದೇವರ ಮನೆಗೆ ಹೋಗಿ ದೀಪ ಹಚ್ಚಿ ಅಲ್ಲೇ ಗೋಡೆಗೆ ಒರಗಿದೆ. ಕಾಲು ಚಾಚಿಕೊಂಡು ಕೂತಿದ್ದೇ ಅವತ್ತಿನ ಪೂಜೆ.

ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಗೂಡ್ಸ್ ಆಟೋ ಬಂತು. ನಾದಿನಿ ತಲೆಗೆ ಮಫ್ಲರ್ ಸುತ್ತಿಕೊಂಡು ಇಳಿದಳು. ಟ್ರೇಗಳಲ್ಲಿ ಹುಳ ಎದ್ದಿದ್ದವು, ನಾಲ್ಕು ಟ್ರೇ ಬಿಟ್ಟು. ಆ ನಾಲ್ಕರಲ್ಲಿ ಅರ್ಧ ಎದ್ದು ಅರ್ಧ ಮಲಗಿದ್ದವು. ನಾನು ಅವಕ್ಕೆ ಕೆಂಪು ದಾರ ಕಟ್ಟಿಟ್ಟಿದ್ದೆ. ವಿಷಯ ಶುರು ಮಾಡಲು ನಾನು ಬಾಯಿ ತೆರೆದೆ. ಅತ್ತೆ ಮುಂದೆ ಬಂದರು.

“ಅವ್ಳನ್ನೇನೂ ಕೇಳ್ಬ್ಯಾಡ. ನಂದೇ ತೆಪ್ಪು ಕಣವ್ವ. ಜ್ವರದ ಉಳಕ್ಕೆ ಸದ್ದಾಯ್ತದೆ ಅಂತ ನೀರು ನಿಲ್ಸ್ಬುಟ್ಟೆ. ದಾರ ಕಟ್ಟಿರವು ಹಿಂದೆ ಬಿದ್ದವೆ.”

ನಾದಿನಿ ತಾಯಿಯ ಮುಖ ನೋಡಿದಳು, ಟ್ರೇ ನೋಡಿದಳು. ಅವಳ ಎದೆ ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಅವಳು ಅಳುತ್ತಾಳೆ ಎಂದುಕೊಂಡೆ.

“ಅವ್ವಾ, ನನ್ನ ಬಾಣಂತನ್ದಲ್ಲೂ ನೀನಿಂಗೇ ಮಾಡಿದ್ದೆ” ಅಂದಳು. “ಟಿಕ್ ಟಿಕ್ ಅಂತದೆ, ಕೂಸು ಮಲಗಕಿಲ್ಲ ಅಂತ ಗಡಿಯಾರ್ದ ಸೆಲ್ಲು ಕಿತ್ತಾಕ್ಬುಟ್ಟಿದ್ದೆ. ಮಾತ್ರೆ ಒತ್ತು ಯಾವ್ದು ಅಂತ ಯಾರಿಗೂ ಗೊತ್ತಾಗ್ದೆ ಓಯ್ತಲ್ಲ, ನೆಪ್ಪದಾ?”

“ಕೂಸು ಮಲಗ್ತಲ್ಲ ಮತ್ತೆ!” ಅಂದರು ಅತ್ತೆ, ಸೋಲದೆ.

ಯಜಮಾನರು ನಕ್ಕರು. ನಾದಿನಿಯೂ ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಂತ ಮೇಲೆ, “ಬುಡಿ ಅತ್ಗೆ, ದಾರ ಕಟ್ಟಿರವ ಬ್ಯಾರೆ ಆಕ್ಕತೀನಿ. ನಮ್ಮನೇಲಿ ಒಲೆ ಗೋಡೆ ಪಕ್ಕ ಬೆಚ್ಚಗದೆ. ಯೋಳ್ದೆ ಕಳ್ಸಿದ್ರೆ ಎಲ್ಲಾನೂ ಒಂದ್ರಲ್ಲೇ ಸುರಿತಿದ್ದೆ” ಅಂದಳು. ಯಜಮಾನರು ಆಟೋದ ಹಗ್ಗ ಕಟ್ಟುವುದರಲ್ಲಿ ಬಹಳ ಗಮನ ಇಟ್ಟಿದ್ದರು.

ಊಟಕ್ಕೆ ನಿಲ್ಲು ಅನ್ನುವ ಹಾಗಿರಲಿಲ್ಲ. ಹುಳವನ್ನು ಬಿಸಿಲೇರುವ ಮುಂಚೆ ಸಾಗಿಸಬೇಕು, ದಾರದ ಟ್ರೇಗಳನ್ನು ಬೇರೆ ಹಾಕಲು ಅವಳೂ ಜೊತೆಗೇ ಹೋಗಬೇಕು. ಗಾಡಿ ಮನೆ ಮುಂದೆ ಇರುವವರೆಗೂ ನಾನು ಬಾಣಲೆ ಇಡುವಂತಿರಲಿಲ್ಲ. ಅವಳಿಗೆಂದು ಹಿದುಕಿದ ಬೇಳೆ ಅವಳಿಗೇ ಸಿಗಲಿಲ್ಲ. ಒಂದು ಲೋಟ ಕಾಫಿ ಕುಡಿದು, ತಾಯಿಯ ಕೈಯಿಂದ ಹಣೆಗೆ ವಿಭೂತಿ ಇಡಿಸಿಕೊಂಡು ಹೊರಟಳು.

ಆ ಬೆಳೆ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ದಾರ ಕಟ್ಟಿದ ಟ್ರೇಗಳದು ಅರ್ಧಕ್ಕರ್ಧ ಹೋಯಿತು, ಉಳಿದದ್ದು ಗೂಡು ಕಟ್ಟಿತು. ಮೈದುನ ಬಂದು ಗೂಡನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದನಂತೆ. ಕಡ್ಡಿಯನ್ನು ಯಾರೂ ಕೀಳಲಿಲ್ಲ. ಮುಂದಿನ ಸೀಸನ್ನಿನಲ್ಲಿ ಅವರ ಬ್ಯಾರನ್ ಉರಿದದ್ದು ಮೈದುನಂದಿರ ಹೊಗೆಸೊಪ್ಪಿಗೆ ಮಾತ್ರ. ಇವಳು ಅತ್ತ ಹೋಗಬೇಕಾಗಲಿಲ್ಲ. ಕೆಮ್ಮು ಪೂರ್ತಿ ಹೋಗಿಲ್ಲ. ಈಗ ಫೋನು ಮಾಡಿದರೆ ಮಾತು ಮೊದಲು ಬರುತ್ತದೆ, ಕೆಮ್ಮು ಆಮೇಲೆ. ನನಗೆ ಅಷ್ಟು ಸಾಕು.

ಅದೆಲ್ಲ ಆಮೇಲಿನದು. ಅವತ್ತು ಆಟೋ ಅಂತರಸಂತೆ ರಸ್ತೆಯ ತಿರುವು ದಾಟಿ ಸದ್ದು ಕೇಳದಂತಾದ ಮೇಲೆ ಯಜಮಾನರು ಪಂಪು ನಿಲ್ಲಿಸಿದರು. ಗುಂಯ್ ಅನ್ನುತ್ತಿದ್ದದ್ದು ನಿಂತಿತು. ಅತ್ತೆ ಜಗಲಿಯಿಂದಲೇ, “ಈಗ ಮನೆ ಬಣಗುಡ್ತದೆ ಕಣವ್ವ” ಅಂದರು. ನಾನು ಬಕೆಟ್ಟನ್ನು ತೊಳೆದು ಬಚ್ಚಲಿಗೆ ಇಟ್ಟೆ. ಫ್ರಿಜ್ಜಿನಿಂದ ಬೇಳೆಯ ತಟ್ಟೆ ತೆಗೆದು ಮೂಸಿದೆ. ಕೆಟ್ಟಿರಲಿಲ್ಲ. ಅದನ್ನು ಬೇಯಲು ಹಾಕಿ, ಪಕ್ಕದ ಒಲೆಗೆ ಬಾಣಲೆ ಇಟ್ಟು ಎಣ್ಣೆ ಹುಯ್ದು, ಸಾಸಿವೆ ಡಬ್ಬಿಯ ಮುಚ್ಚಳ ಬಿಚ್ಚಿದೆ.